ಲವಂಗ ಏನೂ ಅನ್ನಲಿಲ್ಲ

ಆಸ್ಪತ್ರೆಯಲ್ಲಿ ಕೊನೆಯ ವಾರ ಒಬ್ಬ ನರ್ಸ್ ಲವಂಗಳ ಬಾಯಿಗೆ ಕಿವಿಗೊಟ್ಟು ಬಹಳ ಹೊತ್ತು ಬಾಗಿ ನಿಂತಿದ್ದಳು. ಆ ವಾರ್ಡಿಗೆ ಹೊಸಬಳು, ಮನಸ್ಸು ಒಳ್ಳೆಯದು. "ಏನೋ ಹೇಳ್ತಿದಾರೆ, ನಂಗೆ ಗೊತ್ತಾಗ್ತಿಲ್ಲ. ನೀವಾದ್ರೂ ಸ್ವಲ್ಪ ಬಂದು ಕೇಳಿ" ಎಂದು ನಮ್ಮನ್ನು ಕರೆದಳು. ಹಾಸಿಗೆಯ ಆ ಬದಿಗೆ ಅವಳ ಗಂಡ ಕೂತಿದ್ದರು, ಈ ಬದಿಗೆ ಅವಳ ಗೆಳತಿ ನಾನು. ಇಬ್ಬರೂ ಏಳಲಿಲ್ಲ.

"ಏನೂ ಹೇಳ್ತಿಲ್ಲ ಸಿಸ್ಟರ್," ಎಂದರು ಅವಳ ಗಂಡ. "ಅವಳ ಬಾಯಿ ಹಾಗೇನೇ. ಹೇಳೋದಿದ್ರೆ ಪಕ್ಕದ ವಾರ್ಡಿಗೂ ಕೇಳಿಸುತ್ತೆ."

ನರ್ಸ್ ನಮ್ಮಿಬ್ಬರನ್ನೂ ಕಲ್ಲೆದೆಯವರನ್ನು ನೋಡುವಂತೆ ನೋಡಿದಳು. ಅಷ್ಟರಲ್ಲಿ ಲವಂಗ ಕಣ್ಣು ಬಿಟ್ಟು, ಮೂಗಿಗೆ ಹಾಕಿದ್ದ ನಳಿಕೆಯನ್ನು ಸ್ವಲ್ಪ ಸರಿಸಿಕೊಂಡು, "ಆ ಫ್ಯಾನ್ ಕಮ್ಮಿ ಮಾಡಮ್ಮ, ಚಳಿ" ಎಂದಳು. ಸ್ಪಷ್ಟವಾಗಿಯೇ ಅಂದಳು. ನರ್ಸ್ ಬೆಚ್ಚಿ ಹೋಗಿ ಫ್ಯಾನ್ ಆರಿಸಿದಳು. ಲವಂಗ ಮತ್ತೆ ಕಣ್ಣು ಮುಚ್ಚಿದಳು. ತುಟಿಗಳು ಮಾತ್ರ ಏನನ್ನೋ ಜಗಿಯುತ್ತಲೇ ಇದ್ದವು.

ಎದೆಯಲ್ಲಿ ಸೋಂಕು ಎಂದಿದ್ದರು ಡಾಕ್ಟರು. ಬಂದ ಜ್ವರ ಇಳಿಯಲೇ ಇಲ್ಲ. ಅವಳು ಹೋದ ಮೇಲೆ ನೋಡಲು ಬಂದವರೆಲ್ಲ ಅವಳ ಬಾಯಿಯ ವಿಷಯವನ್ನೇ ಎತ್ತಿದರು. ಕೆಲವರು ಮರುಕದಿಂದ, ಕೆಲವರು ಕುತೂಹಲದಿಂದ. ಅವರಿಗೆ ಆಗ ಹೇಳಲಾಗದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಲವಂಗ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ರೈಲು ನಿಲ್ದಾಣದಲ್ಲಿ ಅವಳ ಜೊತೆ ಕೆಲಸ ಮಾಡುತ್ತಿದ್ದವರು ಇಟ್ಟದ್ದು. ಅವಳಿಗೆ ಅದು ಇಷ್ಟವಾಯಿತು, ಆಮೇಲೆ ನಾನೂ ಹಾಗೇ ಕರೆಯತೊಡಗಿದೆ.

ನಾವಿಬ್ಬರೂ ಓದು ಮುಗಿಸಿ ಮೊದಲ ಕೆಲಸ ಹಿಡಿದಾಗ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದೆವು. ನಾನು ಪುಸ್ತಕದಂಗಡಿಯಲ್ಲಿ, ಅವಳು ಬಟ್ಟೆ ಅಂಗಡಿಯಲ್ಲಿ. ಒಂದು ಸಂಜೆ ನಾನು ಬಂದಾಗ ಅವಳು ಮಂಚವನ್ನು ಗೋಡೆಯಿಂದ ದೂರ ಎಳೆದು ಕೋಣೆಯ ನಡುವೆ ಹಾಕಿದ್ದಳು. ಗೋಡೆಯ ಬಿರುಕಿನಲ್ಲಿ ಚಿಂದಿ ತುರುಕಿದ್ದಳು. ಏನಿದು ಎಂದು ಕೇಳಿದೆ.

"ಗೋಡೆಗೂ ಕಿವಿ ಇದೆ ಅಂತಾರಲ್ಲ," ಎಂದಳು, ದನಿ ತಗ್ಗಿಸಿ. "ಈ ಗೋಡೆಗೆ ಬಾಯೂ ಇದೆ ಕಣೇ."

ನಾನು ನಕ್ಕೆ. ಅವಳು ನಗಲಿಲ್ಲ. ಪಕ್ಕದ ಮನೆಯವರು ದಿನವಿಡೀ ತನ್ನ ಬಗ್ಗೆಯೇ ಮಾತಾಡುತ್ತಾರೆ, ಅರ್ಧ ಕೇಳಿಸುತ್ತದೆ, ಅರ್ಧ ಕೇಳಿಸುವುದಿಲ್ಲ, ಕೇಳಿಸದ ಅರ್ಧವೇ ಹೆಚ್ಚು ಕೆಟ್ಟದ್ದು ಎಂದು ಹೇಳಿದಳು. ಪಕ್ಕದ ಮನೆ ಆಗ ಖಾಲಿ ಇತ್ತು. ಬರಬರುತ್ತಾ ಊಟ ಬಿಟ್ಟಳು, ಸ್ನಾನ ಬಿಟ್ಟಳು. ಅವಳ ಅಣ್ಣ ಬಂದು, ಗದರಿಸದೆ ರಮಿಸದೆ, ಜ್ವರಕ್ಕೆ ಕರೆದುಕೊಂಡು ಹೋಗುವಷ್ಟೇ ಸಹಜವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಆ ಅಣ್ಣನನ್ನು ನೆನೆದರೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ.

ಮಾತ್ರೆ ಶುರುವಾಯಿತು. ಅದು ಆ ಕಾಲದ ಮಾತ್ರೆ, ಗಟ್ಟಿ ಕೈಯದು. ಮೊದಲು ನಿದ್ದೆ: ತಟ್ಟೆಯ ಮುಂದೆ ಕೂತಲ್ಲೇ ನಿದ್ದೆ. ಆಮೇಲೆ ಮೈ ಮರಗಟ್ಟಿತು. ಕೀಲಿ ಕೊಟ್ಟ ಬೊಂಬೆಯಂತೆ ಕೈ ಬೀಸದೆ ನಡೆಯುತ್ತಿದ್ದಳು. ಅದಕ್ಕೊಂದು ಮಾತ್ರೆ ಕೊಟ್ಟರು. ಅದರಿಂದ ಬಾಯಿ ಒಣಗಿತು, ಹೊಟ್ಟೆ ಕಟ್ಟಿತು. "ಅತ್ತೆ ಬಂದ್ಲು ಅಂತ ಸುಮ್ಮನಿದ್ರೆ ಹಿಂದೆನೇ ನಾದಿನೀನೂ ಬಂದ್ಲು" ಎನ್ನುತ್ತಿದ್ದಳು, ಎರಡು ಮಾತ್ರೆಗಳನ್ನೂ ಅಂಗೈಯಲ್ಲಿಟ್ಟುಕೊಂಡು. ಮೈ ಊದಿ ರವಿಕೆಗಳೆಲ್ಲ ಬಿಗಿಯಾದವು. ಆದರೆ ಗೋಡೆ ಬಾಯಿ ಮುಚ್ಚಿತು. ಮಂಚ ಮತ್ತೆ ಗೋಡೆಯ ಪಕ್ಕಕ್ಕೆ ಬಂತು.

ಒಮ್ಮೆ ಯಾರಿಗೂ ಹೇಳದೆ ಮಾತ್ರೆಯನ್ನು ಅರ್ಧ ಮುರಿದು ನುಂಗತೊಡಗಿದ್ದಳು. ಕೆಲವೇ ವಾರಗಳಲ್ಲಿ ಪಕ್ಕದ ಮನೆಯ ನಲ್ಲಿ ಅವಳ ಹೆಸರು ಹಿಡಿದು ಕರೆಯಿತು. ತಾನೇ ಎದ್ದು ಡಾಕ್ಟರ ಬಳಿ ಹೋದಳು. ಆಮೇಲೆ ಮಾತ್ರೆಯ ವಿಷಯದಲ್ಲಿ ಅವಳು ಹುಡುಗಾಟ ಆಡಿದ್ದನ್ನು ನಾನು ಕಾಣೆ.

ರೈಲ್ವೆಯ ಪರೀಕ್ಷೆ ಬರೆದು ಟಿಕೆಟ್ ಕೊಡುವ ಕೆಲಸ ಹಿಡಿದಳು. ಮೂರನೇ ಕಿಟಕಿ. ಎದುರಿಗೆ ದಪ್ಪ ಗಾಜು, ಕೆಳಗೆ ಕೈ ತೂರುವಷ್ಟು ಅರ್ಧಚಂದ್ರದ ಕಿಂಡಿ, ಪಕ್ಕದಲ್ಲಿ ಕತ್ತು ಬಾಗಿಸಿದ ಮೈಕು. ಒತ್ತುಗುಂಡಿ ಒತ್ತಿದರೆ ಮಾತು ಹೊರಗೆ ಕೇಳಿಸುತ್ತದೆ, ಬಿಟ್ಟರೆ ಇಲ್ಲ. ಜನ ಬಂದು ಊರಿನ ಹೆಸರು ಹೇಳುತ್ತಾರೆ, ಅವಸರ ಮಾಡುತ್ತಾರೆ, ಜಗಳವಾಡುತ್ತಾರೆ, ಹೋಗುತ್ತಾರೆ. ಬೇರೆಯವರಿಗೆ ಸಾಕಪ್ಪಾ ಎನಿಸುವ ಜಾಗ ಅದು. ಅವಳಿಗೆ ಅದೇ ಸ್ವರ್ಗ.

"ಎದುರಿಗೆ ನಿಂತು ಮಾತಾಡೋ ಜನ ಬೇಕು ಕಣೇ ನಂಗೆ," ಎಂದಿದ್ದಳು. "ಹಿಂದೆ ಮಾತಾಡೋರನ್ನ ಬೇಕಾದಷ್ಟು ಕೇಳಿ ಆಗಿದೆ."

ಮದುವೆಯಾದದ್ದು ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವರನ್ನು. ದಿನಾ ಅದೇ ರೈಲಿಗೆ ಅದೇ ಕಿಟಕಿಯಲ್ಲಿ ಟಿಕೆಟ್ ತೆಗೆದುಕೊಳ್ಳುತ್ತಿದ್ದರು. ತಿಂಗಳ ಪಾಸ್ ಮಾಡಿಸಿ ಎಂದು ಅವಳು ಎಷ್ಟು ಹೇಳಿದರೂ ಮಾಡಿಸಲಿಲ್ಲ. ಮದುವೆಗೆ ಮುಂಚೆಯೇ ಅವಳು ಗೋಡೆಯ ಕಥೆ, ಮಾತ್ರೆಯ ಕಥೆ ಎಲ್ಲ ಹೇಳಿದಳು. ಅವರು ಸ್ವಲ್ಪ ಹೊತ್ತು ಯೋಚಿಸಿ, "ನಾನು ನಿದ್ದೇಲಿ ಹಲ್ಲು ಕಡೀತೀನಿ. ಅದನ್ನೂ ಈಗಲೇ ಹೇಳ್ಬಿಡ್ತೀನಿ" ಎಂದರಂತೆ.

ವರ್ಷಗಳು ಕಳೆದವು. ಬಾಯಿ ಯಾವಾಗ ಶುರುವಾಯಿತೋ ಅವಳಿಗೇ ತಿಳಿಯಲಿಲ್ಲ. ಮೊದಲು ಕಂಡದ್ದು ಗಂಡನಿಗೆ. "ನಂಗೆ ಕೊಡದೆ ಏನೇ ತಿಂತಿದೀಯ?" ಎಂದು ಕೇಳಿದರು. ಅವಳು ಏನೂ ತಿನ್ನುತ್ತಿರಲಿಲ್ಲ. ಕನ್ನಡಿಯ ಮುಂದೆ ನಿಂತು ನೋಡಿದಳು: ತುಟಿ ಮುಂದಕ್ಕೆ ಬರುತ್ತದೆ, ಒಳಕ್ಕೆ ಹೋಗುತ್ತದೆ, ದವಡೆ ಪಕ್ಕಕ್ಕೆ ಸರಿಯುತ್ತದೆ, ನಾಲಿಗೆಯ ತುದಿ ಹೊರಗೆ ಇಣುಕಿ ಮರೆಯಾಗುತ್ತದೆ. ಮಾತಾಡುವಾಗ ಇಲ್ಲ, ನಿದ್ದೆಯಲ್ಲಿ ಇಲ್ಲ, ಸುಮ್ಮನೆ ಕೂತಾಗಲೇ. ಬೇಕೆಂದು ತಡೆದರೆ ಕ್ಷಣ ಹೊತ್ತು ನಿಲ್ಲುತ್ತಿತ್ತು, ಗಮನ ಬೇರೆಡೆ ಹೋದ ಕೂಡಲೇ ಮತ್ತೆ ಶುರು.

ಡಾಕ್ಟರು ನೋಡಿ ಬೇಸರದಿಂದ ತಲೆಯಾಡಿಸಿದರು. ಬಹುಕಾಲ ಆ ಮಾತ್ರೆ ನುಂಗಿದವರಲ್ಲಿ ಕೆಲವರಿಗೆ ಹೀಗಾಗುತ್ತದೆ ಎಂದರು. ಬಿಟ್ಟರೆ ಹೋಗುತ್ತದೆಯೇ ಎಂದು ಕೇಳಿದಳು. "ಹೋಗಲೂಬಹುದು, ಹೋಗದೇನೂ ಇರಬಹುದು. ಬಿಟ್ಟ ಹೊಸತರಲ್ಲಿ ಇನ್ನೂ ಜಾಸ್ತಿ ಆಗಬಹುದು. ನೀವಾಗಿ ಮಾತ್ರ ಬಿಡಬೇಡಿ, ನಿಧಾನವಾಗಿ ಬೇರೆ ಮಾತ್ರೆಗೆ ಬದಲಾಯಿಸೋಣ." ನಲ್ಲಿ ಕರೆದದ್ದು ಅವಳಿಗೆ ಮರೆತಿರಲಿಲ್ಲ. "ಸ್ವಲ್ಪ ಯೋಚಿಸ್ತೀನಿ" ಎಂದು ಎದ್ದು ಬಂದಳು. ಆ ಯೋಚನೆ ಬಹಳ ದಿನ ನಡೆಯಿತು.

"ಆಗ ಗೋಡೆ ಮಾತಾಡ್ತಿತ್ತು, ನನ್ನ ಬಾಯಿ ತೆಪ್ಪಗಿತ್ತು," ಎಂದಳು ನನ್ನ ಹತ್ತಿರ. "ಈಗ ಗೋಡೆ ತೆಪ್ಪಗಿದೆ. ಒಟ್ಟಿನಲ್ಲಿ ಒಂದಕ್ಕೆ ಬಾಯಿ ಇರಲೇಬೇಕು ನೋಡು."

ಕೇಳಿದವರಿಗೆ ಏನಾದರೂ ಹೇಳಬೇಕಲ್ಲ. ಬಾಯಲ್ಲಿ ಒಂದು ಲವಂಗ ಇಟ್ಟುಕೊಳ್ಳಲು ಶುರು ಮಾಡಿದಳು. "ಹಲ್ಲುನೋವು" ಎಂದರೆ ಮುಗಿಯಿತು. ಹೆಸರು ಹುಟ್ಟಿದ್ದು ಹೀಗೆ. ಸಹೋದ್ಯೋಗಿಗಳ ಪೈಕಿ ಯಾರಿಗೂ ಮಾತ್ರೆಯ ವಿಷಯ ಗೊತ್ತಿರಲಿಲ್ಲ, ಗೊತ್ತಾಗುವುದು ಅವಳಿಗೆ ಬೇಕಿರಲಿಲ್ಲ. ದಿನವಿಡೀ ಜಗಿದು ಜಗಿದು ನಾಲಿಗೆ ಸುಟ್ಟು ರುಚಿಯೇ ಹೋಯಿತು. ಆದರೂ ಬಿಡಲಿಲ್ಲ. ಕೊನೆಗೆ ಮೇಲ್ವಿಚಾರಕರು ಕಿಟಕಿಯ ಹಿಂದೆ ಬಂದು ನಿಂತರು.

"ಡ್ಯೂಟಿ ಮೇಲೆ ತಿನ್ನೋ ಹಾಗಿಲ್ಲ ಅಂತ ಗೊತ್ತಿಲ್ವಾ? ಉಗೀರಿ ಅದನ್ನ."

ಉಗಿದಳು.

"ಇನ್ನೂ ತಿಂತಿದೀರಲ್ರೀ!"

"ಇಲ್ಲ ಸರ್."

"ಎಲ್ಲಿ, ಆ ಅನ್ನಿ."

ಐವತ್ತರ ಹತ್ತಿರದ ಹೆಂಗಸು, ಸಾಲಿನಲ್ಲಿ ನಿಂತ ಜನರೆದುರು, ಮಗುವಿನ ಹಾಗೆ ಬಾಯಿ ತೆರೆದು ತೋರಿಸಿದಳು. ಖಾಲಿ ಬಾಯಿ. ಮೇಲ್ವಿಚಾರಕರು ತಬ್ಬಿಬ್ಬಾಗಿ ಹೊರಟುಹೋದರು. ಅಂದಿನಿಂದ ಲವಂಗ ಹೋಯಿತು, ಹೆಸರು ಉಳಿಯಿತು.

ಗಾಜಿನ ಆಚೆ ನಿಂತವರ ಪಾಡು ಇನ್ನೊಂದು ಬಗೆ. ಒಳಗೆ ಕೂತವಳ ತುಟಿ ಅಲುಗುತ್ತಿದೆ, ಮಾತು ಕೇಳಿಸುತ್ತಿಲ್ಲ ಎಂದರೆ ಯಾರಾದರೂ ಏನು ತಿಳಿಯಬೇಕು? ಮೈಕು ಕೆಟ್ಟಿದೆ ಎಂದು ತಿಳಿಯುತ್ತಿದ್ದರು. "ಏನಂದ್ರಿ?" ಎಂದು ಕಿಂಡಿಗೆ ಕಿವಿ ಇಡುತ್ತಿದ್ದರು. "ಗುಂಡಿ ಒತ್ತಿ ಮಾತಾಡಿ ತಾಯಿ" ಎನ್ನುತ್ತಿದ್ದರು. ಒಬ್ಬ ಅಜ್ಜ ಕಿವಿಯ ಯಂತ್ರವನ್ನು ತೆಗೆದು, ಕುಟ್ಟಿ, ಊದಿ, ಮತ್ತೆ ಹಾಕಿಕೊಂಡು, "ಥತ್, ನಿನ್ನೆ ತಾನೇ ಬ್ಯಾಟರಿ ಹಾಕಿಸಿದ್ದೆ" ಎಂದು ಅಂಗಡಿಯವನಿಗೆ ಹಿಡಿಶಾಪ ಹಾಕುತ್ತಾ ಹೋದನಂತೆ. ಅದನ್ನು ಹೇಳುವಾಗ ಲವಂಗ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಪಾಪ ಅನ್ನಿಸಿ ಹಿಂದಕ್ಕೆ ಕರೆಯೋಣವೆಂದರೆ ಅಜ್ಜನಿಗೆ ಅದೂ ಕೇಳಿಸಲಿಲ್ಲವಂತೆ.

ಎಲ್ಲರೂ ಅಜ್ಜನಂತಿರುವುದಿಲ್ಲ. ಒಬ್ಬ ರೈಲು ತಪ್ಪಿಸಿಕೊಂಡ. ತಡವಾಗಿ ಬಂದವನು ಅವನೇ. ಆದರೆ ತಪ್ಪನ್ನು ಯಾರ ಮೇಲಾದರೂ ಹೊರಿಸಬೇಕಲ್ಲ. ಮೂರನೇ ಕಿಟಕಿಯ ಹೆಂಗಸು ಟಿಕೆಟ್ ಕೊಡದೆ ಗಾಜಿನ ಹಿಂದೆ ಕೂತು ತನಗೆ ಬೈದಳು, "ಮಂಗ" ಎಂದಳು, ತುಟಿ ನೋಡಿದರೆ ಗೊತ್ತಾಗುವುದಿಲ್ಲವೇ ಎಂದು ದೂರು ಕೊಟ್ಟ. ಅಧಿಕಾರಿಯಿಂದ ಕರೆ ಬಂತು.

ವಿಚಾರಣೆಯ ಹಿಂದಿನ ಸಂಜೆ ನಾನು ಅವಳ ಮನೆಗೆ ಹೋದೆ. ಅಡುಗೆಮನೆಯ ಮೇಜಿನ ಮುಂದೆ ಗಂಡ ಹೆಂಡತಿ ಇಬ್ಬರೂ ಕೂತಿದ್ದರು.

"ಒಪ್ಕೊಂಡ್ಬಿಡ್ತೀನಿ," ಎಂದಳು ಲವಂಗ.

"ಏನಂತ?"

"ಮಂಗ ಅಂದೆ ಅಂತ."

"ನೀನು ಅಂದಿಲ್ವಲ್ಲೇ!" ಎಂದೆ ನಾನು.

"ಅಂದಿಲ್ಲ. ಆದ್ರೆ ಮೊದಲನೇ ಕಿಟಕಿಯವನು ಹೋದ ತಿಂಗಳು ಬಾಯಿಗೆ ಬಂದ ಹಾಗೆ ಬೈದ, ಒಂದು ಎಚ್ಚರಿಕೆ ಕೊಟ್ಟು ಬಿಟ್ರು. ಬಾಯಿಬಡುಕಿ ಅಂತಾದ್ರೆ ಕಿಟಕೀಲಿ ಇರಬಹುದು ಕಣೇ. ಹುಚ್ಚಿ ಅಂತಾದ್ರೆ ಹಿಂದಿನ ಕೋಣೆ."

ಹಿಂದಿನ ಕೋಣೆಯನ್ನು ನಾನು ನೋಡಿದ್ದೆ. ಹಳೆಯ ಕಾಗದಗಳನ್ನು ಕಟ್ಟಿಡುವ ಜಾಗ. ಕಿಟಕಿ ಇಲ್ಲ. ಒಂದು ಕಡೆ ಪ್ಲೈವುಡ್ಡಿನ ತಡಿಕೆ, ಅದರ ಆಚೆ ನೌಕರರು ಊಟಕ್ಕೆ ಕೂರುವ ಜಾಗ. ದಿನವಿಡೀ ತಡಿಕೆಯ ಆಚೆಯಿಂದ ಗುಸುಗುಸು, ನಡುನಡುವೆ ನಗು. ನಿಜವಾದ ಜನರ ನಿಜವಾದ ಮಾತೇ ಅದು. ಆದರೆ ಅರ್ಧ ಕೇಳಿಸುವಂಥದ್ದು. ಅವಳು ಯಾವುದಕ್ಕೆ ಹೆದರುತ್ತಿದ್ದಾಳೆಂದು ಹೇಳಿಸಿಕೊಳ್ಳುವ ಅಗತ್ಯ ನನಗಿರಲಿಲ್ಲ.

"ಸರಿ, ಹಾಗಾದ್ರೆ ಬೈದು ತೋರಿಸು," ಎಂದರು ಗಂಡ. "ನಾಳೆ ಹೇಗೆ ಬೈದ್ರಿ ಅಂತ ಕೇಳಿದ್ರೆ?"

"ಮಂಗ," ಎಂದಳು.

"ಇದು ಬೈಗುಳನಾ? ತೊಟ್ಟಿಲು ತೂಗೋ ಹಾಗಿದೆ. ಕೋಪ ಬರ್ಬೇಕು. ತಡಿ, ನಾನೇ ಅವನು." ಎದ್ದು ಆಚೆ ನಿಂತು ಮೇಜು ಬಡಿದರು. "ಏನ್ರೀ, ಕೂತಲ್ಲೇ ನಿದ್ದೆ ಮಾಡ್ತೀರಾ? ರೈಲು ಹೊರಡ್ತಿದೆ, ಕೊಡ್ರೀ ಟಿಕೆಟ್ಟು!"

"ಸ್ವಲ್ಪ ತಡೀರಿ, ಮಂಗ ಅವರೇ," ಎಂದಳು ಲವಂಗ.

ಗಂಡ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ನನಗೂ ತಡೆಯಲಾಗಲಿಲ್ಲ. ಇಪ್ಪತ್ತು ವರ್ಷ ಕಿಟಕಿಯಲ್ಲಿ ಕೂತು ಬೈಸಿಕೊಂಡವಳಿಗೆ ಬೈಯಲು ಬರುತ್ತಿರಲಿಲ್ಲ. "ಅವರೇ ಅಂತ ಸೇರಿಸ್ಬೇಡ್ವೇ ಮಾರಾಯ್ತಿ!" ಎಂದೆ. ಮತ್ತೆ ಮತ್ತೆ ಹೇಳಿಸಿದೆವು. ಕೊನೆಗೆ ಒಂದು ಸಲ ನಿಜವಾಗಿ ಬೈದಂತೆ ಬಂತು, ಆದರೆ ಆಗ ಅವಳಿಗೆ ಅಳು ಬಂದಿತ್ತು.

ಮರುದಿನ ನಾನೂ ಜೊತೆಗೆ ಹೋದೆ. ಅಧಿಕಾರಿಯ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತೆ. ಬಾಗಿಲು ತಾನಾಗಿ ಮುಚ್ಚಿಕೊಳ್ಳದಂತೆ ಕೆಳಗೆ ಮರದ ತುಂಡು ಇಟ್ಟಿದ್ದರು, ಒಳಗಿನದೆಲ್ಲ ಕೇಳಿಸುತ್ತಿತ್ತು.

"ಇದು ನಿಜಾನಾ?"

"ನಿಜ ಸರ್."

"ಏನಂದ್ರಿ ಅವನಿಗೆ?"

"ಮಂಗ ಅಂದೆ. ಕೋಪ ಬಂದಿತ್ತು."

ಅಧಿಕಾರಿ ದೊಡ್ಡದಾಗಿ ಉಸಿರು ಬಿಟ್ಟದ್ದು ಕೇಳಿಸಿತು. "ನೋಡಿಯಮ್ಮ, ಇಷ್ಟು ವರ್ಷದಲ್ಲಿ ನಿಮ್ಮ ಮೇಲೆ ಒಂದೂ ದೂರಿಲ್ಲ. ಇನ್ನೊಂದ್ಸಲ ಹೀಗಾಗದ ಹಾಗೆ ನೋಡ್ಕೊಳ್ಳಿ. ಇಲ್ಲಿಗೆ ಮುಗಿಸೋಣ."

ಮುಗಿಯಿತು ಎಂದುಕೊಂಡು ನಾನು ಎದ್ದು ನಿಂತೆ. ಒಳಗೆ ಪೆನ್ನು ಗೀಚುವ ಸದ್ದು. ಅದು ನಿಂತಿತು.

"ಏನಂದ್ರಿ?"

"ಏನೂ ಇಲ್ಲ ಸರ್."

ಮತ್ತೆ ಪೆನ್ನು. ಮತ್ತೆ ನಿಂತಿತು. ಈ ಸಲ ದನಿ ಬೇರೆಯಾಗಿತ್ತು. "ಏನ್ರೀ ಅದು? ನಾನು ಬಗ್ಗಿದ ತಕ್ಷಣ ನಂಗೂ ಬೈತಿದೀರಾ?"

ಇದನ್ನು ನಾವು ಮೂವರೂ ಯೋಚಿಸಿರಲಿಲ್ಲ. ಅಡುಗೆಮನೆಯಲ್ಲಿ ಬಾಯಿಗೆ ಬೈಯುವುದನ್ನು ಕಲಿಸಿದೆವೇ ಹೊರತು ಸುಮ್ಮನಿರುವುದನ್ನು ಕಲಿಸುವುದು ಯಾರ ಕೈಲೂ ಆಗುವಂತಿರಲಿಲ್ಲ.

"ಸರ್," ಎಂದಳು ಲವಂಗ. "ನಾನು ಅವರಿಗೆ ಮಂಗ ಅಂದಿಲ್ಲ. ನಿಮಗೂ ಏನೂ ಅಂದಿಲ್ಲ. ನಂಗೆ ಬೈಯೋಕೆ ಬರೋದೇ ಇಲ್ಲ. ಈ ತುಟಿ ತಾನಾಗಿ ಅಲುಗುತ್ತೆ. ಮಾತ್ರೆಯಿಂದ."

"ಯಾತರ ಮಾತ್ರೆ?"

"ತಲೆಗೆ."

"ತಲೆನೋವಿಗಾ?"

"ಅಲ್ಲ ಸರ್. ಒಂದು ಕಾಲದಲ್ಲಿ ನಂಗೆ ಗೋಡೆ ಮಾತಾಡ್ತಿತ್ತು. ಈಗ ಮಾತಾಡಲ್ಲ. ಅದು ಮಾತಾಡದೇ ಇರಲಿ ಅಂತ ಮಾತ್ರೆ. ಆ ಮಾತ್ರೆಗೆ ಈ ತುಟಿ."

ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಆ ಮಾತನ್ನು ಅವಳು ಜೀವನದಲ್ಲಿ ಡಾಕ್ಟರು, ಅಣ್ಣ, ಗಂಡ ಮತ್ತು ನನ್ನನ್ನು ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ.

ಅಧಿಕಾರಿ ಕೆಟ್ಟವರಲ್ಲ. ಕೆಟ್ಟವರಲ್ಲದವರು ಹೇಳುವುದನ್ನೇ ಹೇಳಿದರು. "ಮೊದಲೇ ಹೇಳಬಾರದಿತ್ತೇನಮ್ಮ? ಹಿಂದಿನ ಕೋಣೆ ಖಾಲಿ ಇದೆ. ಜನರ ಗಲಾಟೆ ಇರಲ್ಲ, ಯಾರೂ ನೋಡಲ್ಲ, ನೆಮ್ಮದಿಯಾಗಿ ಕೂತು ಕೆಲಸ ಮಾಡಬಹುದು."

"ಅಲ್ಲಿ ಗೋಡೆ ಇದೆ ಸರ್."

"ಗೋಡೆ ಎಲ್ಲಾ ಕೋಣೆಗೂ ಇರುತ್ತಲ್ರೀ?"

"ಅದು ತಡಿಕೆ. ಆ ಕಡೆ ಊಟದವರು ಮಾತಾಡೋದು ಅರ್ಧರ್ಧ ಕೇಳಿಸುತ್ತೆ. ಅರ್ಧ ಮಾತು ನಂಗೆ ಆಗಲ್ಲ ಸರ್, ಮಿಕ್ಕಿದ್ದನ್ನ ತಲೆ ತುಂಬಿಸಿಕೊಳ್ಳುತ್ತೆ. ಕಿಟಕೀಲಿ ಹಾಗಲ್ಲ. ಎದುರಿಗೆ ನಿಂತು ಮಾತಾಡ್ತಾರೆ. ಬೈದ್ರೂ ಪೂರ್ತಿ ಬೈತಾರೆ."

ಒಳಗೆ ಕುರ್ಚಿ ಹಿಂದಕ್ಕೆ ಸರಿದ ಸದ್ದು. ಅಧಿಕಾರಿ ನಗುತ್ತಿದ್ದಾರೋ ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೋ ನನಗೆ ಗೊತ್ತಾಗಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ ಏನೋ ಹೇಳಿದರು.

ಲವಂಗ ಹೊರಗೆ ಬಂದಳು. ಮುಖ ಬೆವೆತಿತ್ತು. ಬಾಯಿ ಎಂದಿಗಿಂತ ಹೆಚ್ಚಾಗಿ ಆಡುತ್ತಿತ್ತು, ಗಾಬರಿಯಾದಾಗ ಹಾಗಾಗುತ್ತದೆ.

"ಏನಂದ್ರೇ?"

"ಸದ್ಯಕ್ಕೆ ಅಲ್ಲೇ ಇರಿ, ಇನ್ನೊಂದು ದೂರು ಬಂದ್ರೆ ನೋಡೋಣ ಅಂದ್ರು."

"ಸದ್ಯ!" ಎಂದೆ ನಾನು. ಇಬ್ಬರೂ ಆ ಬೆಂಚಿನ ಮೇಲೆ ಕೂತು ನೀರು ಕುಡಿದೆವು.

ಗಾಜಿನ ಮೇಲೆ ಏನಾದರೂ ಬರೆದು ಅಂಟಿಸಿ ಎಂದೂ ಅವರು ಹೇಳಿದ್ದರು. ಕಚೇರಿಯವರು 'ಅನಾರೋಗ್ಯದ ಕಾರಣ ಸಹಕರಿಸಬೇಕಾಗಿ ವಿನಂತಿ' ಎಂಬಂಥದ್ದೇನೋ ಟೈಪು ಮಾಡಿಕೊಟ್ಟರು. ಅದನ್ನು ಓದಿದರೆ ಸತ್ತವರ ಮನೆಯ ನೋಟಿಸ್ ಇದ್ದ ಹಾಗಿದೆ ಎಂದು ಅವಳು ತಾನೇ ದಪ್ಪ ಅಕ್ಷರದಲ್ಲಿ ಬರೆದಳು: 'ನನ್ನ ತುಟಿ ತಾನಾಗಿ ಅಲುಗುತ್ತದೆ, ಔಷಧಿಯಿಂದ. ನಿಮಗೆ ಹೇಳುವುದಿದ್ದರೆ ಮೈಕಿನಲ್ಲೇ ಹೇಳುತ್ತೇನೆ.'

ಮೊದಮೊದಲು ಸಾಲು ಪಕ್ಕದ ಕಿಟಕಿಗೆ ಸರಿಯಿತು. ಟಿಕೆಟ್ ಬೇಡದವರು ಕೂಡ ದೂರ ನಿಂತು ಓದಿ ಹೋಗುತ್ತಿದ್ದರು. ಅದರಿಂದೆಲ್ಲ ಅವಳಿಗೆ ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಂಜೆ ಫೋನು ಮಾಡಿ, "ಇವತ್ತು ನೊಣ ಹೊಡೆದೆ" ಎನ್ನುತ್ತಿದ್ದಳು. ಆದರೆ ರೈಲು ಹೊರಡುವ ಹೊತ್ತಿಗೆ ಸಣ್ಣ ಸಾಲು ಹುಡುಕುವುದು ಮನುಷ್ಯ ಸ್ವಭಾವ. ನಿಧಾನವಾಗಿ ಜನ ಮರಳಿ ಬಂದರು.

ಒಂದು ದಿನ ಒಬ್ಬ ಹೆಂಗಸು ಟಿಕೆಟ್ ತೆಗೆದುಕೊಂಡ ಮೇಲೂ ಹೋಗದೆ ಕಿಂಡಿಯ ಬಳಿ ಬಾಗಿ, "ನಮ್ಮ ತಂಗೀಗೂ ಹೀಗೇ ಆಗಿದೆ, ಮಾತ್ರೆ ನಿಲ್ಲಿಸಿಬಿಡ್ಲಾ?" ಎಂದು ಕೇಳಿದಳಂತೆ. ಲವಂಗ ಗುಂಡಿ ಒತ್ತುವುದನ್ನು ಮರೆತು ಉತ್ತರ ಕೊಟ್ಟಳು, ಹೆಂಗಸಿಗೆ ಕೇಳಿಸಲಿಲ್ಲ. ಗುಂಡಿ ಒತ್ತಿ ಮತ್ತೆ ಹೇಳಿದಾಗ ಇಡೀ ಸಾಲಿಗೆ ಕೇಳಿಸಿತು: "ನೀವಾಗಿ ನಿಲ್ಲಿಸ್ಬೇಡಿ. ಡಾಕ್ಟರ ಹತ್ರ ಕರ್ಕೊಂಡು ಹೋಗಿ, ಬಾಯಿ ತೋರಿಸಿ, ಬೇರೆ ಮಾತ್ರೆ ಇದೆಯಾ ಕೇಳಿ. ನಾನೂ ಕೇಳಬೇಕು ಅಂತಿದೀನಿ, ಧೈರ್ಯ ಸಾಕಾಗಿಲ್ಲ."

"ಅಕ್ಕಾ, ಇದು ಟಿಕೆಟ್ ಕೊಡೋ ಕಿಟಕಿನಾ, ಔಷಧಿ ಅಂಗಡಿನಾ?" ಎಂದು ಹಿಂದಿನಿಂದ ಒಬ್ಬ ಕೂಗಿದ.

"ಎರಡೂ ಕಣಪ್ಪ. ನಿಂಗೆ ಯಾವುದು ಬೇಕು?"

ಸಾಲೆಲ್ಲ ನಕ್ಕಿತು. ಅಪರಿಚಿತಳಿಗೆ ಹೇಳಿಬಿಟ್ಟ ಮೇಲೆ ತಾನು ಮಾಡದೆ ಇರುವುದು ಹೇಗೆ ಎಂದು ಅವಳು ಮುಂದಿನ ವಾರವೇ ಡಾಕ್ಟರ ಬಳಿ ಹೋದಳು. ಹಳೆಯದನ್ನು ಸ್ವಲ್ಪಸ್ವಲ್ಪವೇ ಇಳಿಸಿ, ಹೊಸದನ್ನು ಸ್ವಲ್ಪಸ್ವಲ್ಪವೇ ಏರಿಸಿದರು. ಆ ತಿಂಗಳುಗಳಲ್ಲಿ ಗಂಡ ಬೇಕರಿಯಿಂದ ಬೇಗ ಬರುತ್ತಿದ್ದರು, ನಾನು ದಿನವೂ ಹೋಗಿ "ಗೋಡೆ ಏನಂತೆ?" ಎಂದು ಕೇಳುತ್ತಿದ್ದೆ. "ಸುಣ್ಣ ಬಳಿಸ್ಬೇಕಂತೆ" ಎನ್ನುತ್ತಿದ್ದಳು. ಗೋಡೆ ಬಾಯಿ ಬಿಡಲಿಲ್ಲ. ತುಟಿ ಮೊದಲು ಹೆಚ್ಚಾಯಿತು, ಆಮೇಲೆ ಇಳಿಯಿತು, ಪೂರ್ತಿ ಎಂದೂ ನಿಲ್ಲಲಿಲ್ಲ. ಹೊಸ ಮಾತ್ರೆ ಹಸಿವು ತಂದಿತು. ಬೇಕರಿಯವನ ಹೆಂಡತಿಗೆ ಅದೊಂದು ಬೇರೆಯೇ ಕಷ್ಟ.

ಆ ಅಧಿಕಾರಿ ವರ್ಗವಾಗಿ ಹೋದರು. ಅವರ ಜಾಗಕ್ಕೆ ಬಂದವರು ಗಾಜಿನ ಮೇಲಿನ ಬರಹ ಓದಿ, ಸರಿ ಎಂದು ಮುಂದೆ ಹೋದರು. ಆಮೇಲೆ ಬಂದವರಿಗೆ ಅದು ಕಿಂಡಿ, ಮೈಕುಗಳಂತೆ ಕಿಟಕಿಯದೇ ಒಂದು ಭಾಗವಾಗಿತ್ತು. ಸದ್ಯಕ್ಕೆ ಎಂದು ಹೇಳಿದ್ದು ಯಾರಿಗೂ ನೆನಪಿರಲಿಲ್ಲ, ಅವಳೂ ನೆನಪಿಸಲಿಲ್ಲ. ಹಿಂದಿನ ಕೋಣೆಯಲ್ಲಿ ಇವತ್ತಿಗೂ ಹಳೆಯ ಕಾಗದಗಳೇ ಇವೆ. ಜ್ವರ ಏರಿದ ದಿನವೂ ಅವಳು ಮೂರನೇ ಕಿಟಕಿಯಲ್ಲಿ ಪಾಳಿ ಮುಗಿಸಿಯೇ ಮನೆಗೆ ಬಂದಳು.